ಕಾರಣ ಬರೆಯಲು ಜಾಗವಿಲ್ಲದ ಮತ

1964ರ ಜೂನ್ 19ರಂದು ಅಮೆರಿಕದ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಯನ್ನು 73–27 ಮತಗಳಿಂದ ಅಂಗೀಕರಿಸಿತು. ವಿರೋಧಿಸಿದ 27 ಜನರಲ್ಲಿ ಹೆಚ್ಚಿನವರು ವರ್ಣಪ್ರತ್ಯೇಕತೆಯನ್ನು ಬಹಿರಂಗವಾಗಿ ಸಮರ್ಥಿಸುತ್ತಿದ್ದ ದಕ್ಷಿಣದ ಡೆಮಾಕ್ರಟರು. ಅವರ ಸಾಲಿನಲ್ಲೇ ಅರಿಜೋನಾದ ರಿಪಬ್ಲಿಕನ್ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅವರ ಹೆಸರೂ ಇದೆ.

ಗೋಲ್ಡ್‌ವಾಟರ್ ಜನಾಂಗದ್ವೇಷಿಯಾಗಿದ್ದಿದ್ದರೆ ಇಲ್ಲಿ ಚರ್ಚಿಸುವಂಥದ್ದೇನೂ ಇರುತ್ತಿರಲಿಲ್ಲ. ಅವರು ತಮ್ಮ ರಾಜ್ಯದ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ ಕಪ್ಪು–ಬಿಳಿಯರ ಪ್ರತ್ಯೇಕತೆ ಕೊನೆಗಾಣಲು ಕಾರಣರಾದವರು. ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಗೆ ಫೀನಿಕ್ಸ್‌ನಲ್ಲಿ ದೇಣಿಗೆ ಕೊಟ್ಟವರು. 1957ರ ನಾಗರಿಕ ಹಕ್ಕುಗಳ ಕಾಯ್ದೆಯ ಪರ ಮತ ಹಾಕಿದವರು. 1964ರ ಮಸೂದೆಯಲ್ಲಿ ಅವರ ತಕರಾರು ಇದ್ದದ್ದು ಮುಖ್ಯವಾಗಿ ಎರಡು ಭಾಗಗಳಿಗೆ: ಹೋಟೆಲು, ಚಿತ್ರಮಂದಿರಗಳಲ್ಲಿ ಭೇದಭಾವದ ನಿಷೇಧ, ಮತ್ತು ಉದ್ಯೋಗದಲ್ಲಿ ಅದರ ನಿಷೇಧ. ಖಾಸಗಿ ಮಾಲೀಕನ ಮೇಲೆ ಇವನ್ನು ಹೇರುವ ಅಧಿಕಾರವನ್ನು ಸಂವಿಧಾನ ಒಕ್ಕೂಟ ಸರ್ಕಾರಕ್ಕೆ ಕೊಟ್ಟಿಲ್ಲ ಎಂದು ಅವರು ವಾದಿಸಿದರು.

ವಿಪ್‌ಗೂ 1985ರ ಪಕ್ಷಾಂತರ ನಿಷೇಧ ಕಾನೂನಿಗೂ ಒಗ್ಗಿಹೋದ ನಮಗೆ, ಒಬ್ಬ ಜನಪ್ರತಿನಿಧಿ ಒಂದೊಂದು ಮಸೂದೆಗೂ ತನ್ನ ಆತ್ಮಸಾಕ್ಷಿಯಂತೆ ಮತ ಹಾಕುವುದೇ ದೊಡ್ಡ ವಿಷಯವಾಗಿ ಕಾಣುತ್ತದೆ. ಗೋಲ್ಡ್‌ವಾಟರ್ ಅವರ ಬಗ್ಗೆ ನನಗೂ ಆ ಗೌರವ ಇದೆ. ಅವರದೇ ಪಕ್ಷದ ಸೆನೆಟ್ ನಾಯಕ ಎವರೆಟ್ ಡರ್ಕ್ಸೆನ್ ಮಸೂದೆಯ ಪರ ದುಡಿಯುತ್ತಿದ್ದಾಗ ಅವರು ತಮ್ಮ ಮಾತಿಗೇ ಅಂಟಿಕೊಂಡರು. 1993ರಲ್ಲಿ, 84ರ ವಯಸ್ಸಿನಲ್ಲಿ, ಸಲಿಂಗಿಗಳಿಗೆ ಸೇನೆಯಲ್ಲಿದ್ದ ನಿಷೇಧ ಹೋಗಬೇಕೆಂದು ತಮ್ಮದೇ ಬಳಗದ ಸಂಪ್ರದಾಯವಾದಿಗಳ ವಿರುದ್ಧ ಬರೆದರು. ಮನುಷ್ಯ ಅವಕಾಶವಾದಿಯಲ್ಲ.

ಆದರೆ ಮತಕ್ಕೆ ‘ಹೌದು’, ‘ಇಲ್ಲ’ ಎರಡೇ ಬಾಯಿ. ಸಂವಿಧಾನದ ಮೇಲಿನ ನಿಷ್ಠೆಯಿಂದ ಹೇಳಿದ ‘ಇಲ್ಲ’ವೂ ದ್ವೇಷದಿಂದ ಹೇಳಿದ ‘ಇಲ್ಲ’ವೂ ಎಣಿಕೆಯಲ್ಲಿ ಒಂದೇ. ಗೋಲ್ಡ್‌ವಾಟರ್ ಸ್ವತಃ ಜನಾಂಗದ್ವೇಷಿಯಲ್ಲ, ಆದರೆ ಅವರ ತತ್ವ ಜನಾಂಗದ್ವೇಷಿಗಳಿಗೆ ಆಸರೆಯಾಗುತ್ತದೆ ಎಂದು ಮಾರ್ಟಿನ್ ಲೂಥರ್ ಕಿಂಗ್ ಆ ವರ್ಷವೇ ಹೇಳಿದ್ದರು.

ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ: ಆ ತತ್ವದ ಬೆಲೆ ತೆತ್ತವರು ಯಾರು? ಊಟಕ್ಕೆ ಕೂತಲ್ಲಿಂದ ಎಬ್ಬಿಸಿ ಕಳಿಸುವ ಹೋಟೆಲಿನ ಎದುರು ಗೋಲ್ಡ್‌ವಾಟರ್ ನಿಲ್ಲಬೇಕಿರಲಿಲ್ಲ. ಇಂಥ ವಿಷಯಗಳನ್ನು ರಾಜ್ಯಗಳೇ, ಅಲ್ಲಿನ ಜನರೇ ತೀರ್ಮಾನಿಸಲಿ ಎಂಬುದು ಕೇಳಲು ಪ್ರಜಾಸತ್ತೆಯ ಮಾತಿನಂತೆಯೇ ಇದೆ. ಆ ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ ಅವರು ದೇಶದಾದ್ಯಂತ ಹೀನಾಯವಾಗಿ ಸೋತರು. ಗೆದ್ದದ್ದು ತವರು ಅರಿಜೋನಾ ಮತ್ತು ದಕ್ಷಿಣದ ಐದು ರಾಜ್ಯಗಳನ್ನು ಮಾತ್ರ. ಮಿಸಿಸಿಪ್ಪಿಯಲ್ಲಿ ಅವರಿಗೆ ಶೇ. 87ರಷ್ಟು ಮತ ಬಿತ್ತು. ಅದೇ ಮಿಸಿಸಿಪ್ಪಿಯಲ್ಲಿ ಮತದಾನದ ವಯಸ್ಸು ತಲುಪಿದ ಕಪ್ಪು ಜನರ ಪೈಕಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ ಸುಮಾರು ಏಳು ಮಂದಿ.