ಕಾಯಿಲೆಯ ಲೆಕ್ಕ, ಕರ್ಮದ ಲೆಕ್ಕ

ಲಿವರ್ ಕೆಟ್ಟಿದೆ ಎಂದೊಡನೆ ‘ಕುಡಿತ ಇತ್ತೇನೋ’ ಎಂಬ ಅನುಮಾನ, ಅದರ ಬೆನ್ನಿಗೇ ‘ಮಾಡಿದ್ದುಣ್ಣೋ ಮಹರಾಯ’ ಎಂಬ ತೀರ್ಪು. ಹೆಪಟೈಟಿಸ್ ಸಿ ಬಂದವರಲ್ಲಿ ಎಷ್ಟೋ ಮಂದಿ ಈ ಮಾತಿಗೆ ಹೆದರಿಯೇ ಕಾಯಿಲೆ ಮುಚ್ಚಿಡುತ್ತಾರೆ. ಇನ್ನೊಬ್ಬರ ರೋಗವನ್ನು ಅವರ ಕರ್ಮಫಲವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಈಜಿಪ್ಟಿನಲ್ಲಿದೆ. ನೈಲ್ ನದಿಯ ಕಾಲುವೆ ನೀರಿನಲ್ಲಿ ನಿಂತು ದುಡಿಯುವ ರೈತರನ್ನು ಚರ್ಮದ ಮೂಲಕ ಒಳಹೊಗುವ ಹುಳುವೊಂದು ಕಾಡುತ್ತಿತ್ತು. ಅದನ್ನು ತೊಲಗಿಸಲು 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಸರ್ಕಾರವೇ ಊರೂರಲ್ಲಿ ಆಂಟಿಮನಿ ಇಂಜೆಕ್ಷನ್ ಕೊಡಿಸಿತು. ಗಾಜಿನ ಸಿರಿಂಜುಗಳು ಕೆಲವೇ. ಒಬ್ಬರ ರಕ್ತನಾಳಕ್ಕೆ ಚುಚ್ಚಿದ್ದನ್ನು ಅರೆಬರೆ ಕುದಿಸಿ ಮುಂದಿನವರಿಗೆ ಚುಚ್ಚುತ್ತಿದ್ದರು. ರಕ್ತದಿಂದ ರಕ್ತಕ್ಕೆ ದಾಟುವ ಹೆಪಟೈಟಿಸ್ ಸಿ ವೈರಸ್ಸಿಗೆ ಅಷ್ಟು ಸಾಕಾಯಿತು. ವಿಜ್ಞಾನಿಗಳು ಅದನ್ನು ಗುರುತಿಸಿದ್ದೇ 1989ರಲ್ಲಿ. ಆ ಹೊತ್ತಿಗೆ ಈಜಿಪ್ಟಿನ ಲಕ್ಷಾಂತರ ಜನರಲ್ಲಿ ಅದು ಮನೆಮಾಡಿತ್ತು. ವರ್ಷಗಟ್ಟಲೆ ಯಾವ ಲಕ್ಷಣವೂ ಇರುವುದಿಲ್ಲ. ಲಿವರ್ ಒಳಗೊಳಗೇ ಗಟ್ಟಿಯಾಗುತ್ತಾ 20-30 ವರ್ಷಗಳ ಮೇಲೆ ಕೆಲವರಿಗೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಕ್ಯಾನ್ಸರ್. ಆ ರೈತರು ಮಾಡಿದ ಕರ್ಮವೆಂದರೆ ಗುಣವಾಗಲೆಂದು ತೋಳು ಚಾಚಿದ್ದು.

ಹಿಂದಿನ ಜನ್ಮದ್ದಿರಬಹುದಲ್ಲ ಎನ್ನುವವರಿದ್ದಾರೆ. ಯಾವ ರೋಗಿಗೆ ಅಂಟಿಸಿದರೂ ಅಂಟುವ ಈ ಮಾತಿನಿಂದ ಯಾರ ರೋಗವೂ ಅರ್ಥವಾಗುವುದಿಲ್ಲ. ಕರ್ಮವನ್ನು ಒಪ್ಪಿದ್ದ ಬುದ್ಧನೇ ಸೀವಕನೆಂಬ ಪರಿವ್ರಾಜಕನಿಗೆ, ಪಿತ್ತ, ಕಫ, ವಾತ, ಋತುಮಾನದಿಂದಲೂ ನೋವು ಹುಟ್ಟುತ್ತದೆ, ಎಲ್ಲವೂ ಪೂರ್ವಕರ್ಮದಿಂದಲೇ ಎನ್ನುವವರು ತಾವು ಅರಿತದ್ದನ್ನು ಮೀರಿ ಮಾತಾಡುತ್ತಾರೆ ಎಂದು ತಿಳಿಸಿದ. ಚರಕಸಂಹಿತೆಯೂ ದೈವದ ಜೊತೆಗೆ ಪುರುಷಪ್ರಯತ್ನವನ್ನಿಟ್ಟು, ದುರ್ಬಲ ದೈವವನ್ನು ಬಲವಾದ ಪ್ರಯತ್ನ ಮೀರಬಲ್ಲದು ಎನ್ನುತ್ತದೆ. ಹಾಗಲ್ಲದಿದ್ದರೆ ವೈದ್ಯನೇ ಬೇಕಿರಲಿಲ್ಲ.

ಮಾದಕದ್ರವ್ಯದ ಸೂಜಿ ಹಂಚಿಕೊಂಡವನ ವಿಷಯ ಬೇರೆಯಲ್ಲವೇ? ಇದು ಗಟ್ಟಿ ಆಕ್ಷೇಪ. ಅವನ ಕೃತ್ಯದಿಂದಲೇ ರೋಗ ಬಂತೆಂಬುದು ನಿಜ. ಆದರೆ ಅದನ್ನು ಶಿಕ್ಷೆ ಎನ್ನುವುದಾದರೆ, ತಪಾಸಣೆಯಿಲ್ಲದ ಕಾಲದಲ್ಲಿ ರಕ್ತ ಪಡೆದ ಬಾಣಂತಿಗೂ ಅದೇ ಶಿಕ್ಷೆ ಆದದ್ದೇಕೆ? ಪಾಪಪುಣ್ಯ ಅರಿಯದ ವೈರಸ್ಸಿನ ಕೈಗೆ ನ್ಯಾಯದ ತಕ್ಕಡಿ ಕೊಡುವುದು ಕರ್ಮಸಿದ್ಧಾಂತಕ್ಕೇ ಅಪಚಾರ. ರೋಗಿ ತನಗೆ ತಾನೇ ‘ನನ್ನ ಕರ್ಮ’ ಎಂದುಕೊಂಡು ಸಮಾಧಾನಪಟ್ಟರೆ ಅದನ್ನು ಕಿತ್ತುಕೊಳ್ಳಬೇಕಿಲ್ಲ. ಆ ನೆಪದಲ್ಲಿ ಚಿಕಿತ್ಸೆ ಬಿಟ್ಟರೆ ಮಾತ್ರ ಕೇಡು. ಈಗ ಸುಮಾರು ಮೂರು ತಿಂಗಳ ಮಾತ್ರೆಯಲ್ಲಿ ನೂರಕ್ಕೆ 95 ಮಂದಿಗೆ ಗುಣವಾಗುತ್ತದೆ. ನಮ್ಮಲ್ಲಿ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಉಚಿತ. ಅದೇ ವರ್ಷ ಈಜಿಪ್ಟ್, ಅನುಮಾನವಿದ್ದವರಿಗಷ್ಟೇ ಅಲ್ಲ, ಕೋಟಿಗಟ್ಟಲೆ ವಯಸ್ಕರಿಗೆ ರಕ್ತ ಪರೀಕ್ಷೆ ಮಾಡಿಸಲು ಹೊರಟು, ಸೋಂಕು ಕಂಡವರಿಗೆ ಬಿಡಿಗಾಸೂ ಪಡೆಯದೆ ಮಾತ್ರೆ ಕೊಟ್ಟಿತು.