ನೆರಳನ್ನೂ ಮಾರಬಹುದೇ?

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನ ಸ್ಟೋ ಬಂಗಲೆ ತೋಟ, ತೋಪುಗಳ ಸಮೇತ 1921ರಲ್ಲಿ ಹರಾಜಿಗೆ ಬಂತು. 1741ರಿಂದ ಹತ್ತು ವರ್ಷ 'ಕೇಪಬಿಲಿಟಿ' ಬ್ರೌನ್ ಮುಖ್ಯ ತೋಟಗಾರನಾಗಿ ದುಡಿದ ಜಾಗವದು. 1923ರಲ್ಲಿ ಬಂಗಲೆ ಶಾಲೆಯಾಯಿತು. ನಿವೇಶನಗಳಾಗಿ ಹೋಳಾಗಲಿದ್ದ ಹಳೆಯ ಸಾಲುಮರದ ಹಾದಿಯನ್ನು ವಾಸ್ತುಶಿಲ್ಪಿ ಕ್ಲೌ ವಿಲಿಯಮ್ಸ್-ಎಲ್ಲಿಸ್ ತಾವೇ ಕೊಂಡು ಉಳಿಸಿದರು.

ಮಾರುವ ಹಕ್ಕು ಒಡೆಯನದೇ, ತಕರಾರಿಲ್ಲ. ಊರಿನ ಮನೆ ಮಾರಿಯೇ ಅಲ್ಲವೇ ನಮ್ಮಲ್ಲಿ ಎಷ್ಟೋ ಮಂದಿ ಈ ಮಹಾನಗರದಲ್ಲಿ ಎರಡು ಕೋಣೆ ಕೊಂಡದ್ದು! ಆದರೆ ಹಿತ್ತಲಿನ ಹಲಸನ್ನು ಅಜ್ಜ ನೆಟ್ಟದ್ದು ತನಗಾಗಿ ಅಲ್ಲ. ನಮಗೊಬ್ಬರಿಗೇ ಎಂದೂ ಅಲ್ಲ. ಗೋಡೆ ನಮ್ಮ ಪಾಲಿನ ಆಸ್ತಿ, ಮರ ನಮ್ಮಲ್ಲಿಟ್ಟ ಠೇವಣಿ. ನಾಲ್ಕು ಕಾಸು ಕಡಿಮೆಯಾದರೂ ಕೊಡಲಿ ಹಿಡಿಯದವನಿಗೇ ಕೊಡಬೇಕಾದ ಋಣ ಮಾರುವವನ ಮೇಲಿದೆ ಎಂದೇ ನಮ್ಮ ಎಣಿಕೆ.

ಸ್ಟೋ ಉದ್ಯಾನ 1989ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಈಗ ಅಲ್ಲಿ ಯಾರು ಬೇಕಾದರೂ ಅಡ್ಡಾಡಬಹುದು.