ಚೀಟಿಗೆ ಬಂದ ಬೇಟೆ

ವಸ್ತುವು ಅಲ್ಪವಾಗಿದ್ದು ಅದನ್ನು ಬಯಸುವವರು ಅನೇಕರಾದಾಗ ಹಂಚಿಕೆಯ ನ್ಯಾಯವು ಯಾವುದು? ಬಲವುಳ್ಳವನು ಕಸಿದುಕೊಳ್ಳುವುದು ಒಂದು ಬಗೆ. ಹಣವುಳ್ಳವನು ಕೊಳ್ಳುವುದು ಮತ್ತೊಂದು ಬಗೆ. ಅಧಿಕಾರಿಯ ಕೃಪೆಗೆ ಪಾತ್ರನಾದವನು ಪಡೆಯುವುದು ಮೂರನೆಯದು. ಈ ಮೂರನ್ನೂ ಒಲ್ಲದವರು ಚೀಟಿ ಹಾಕುತ್ತಾರೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲಗದ್ದೆಗಳನ್ನು ಸಮನಾಗಿ ವಿಂಗಡಿಸಿ, ಯಾವ ಪಾಲು ಯಾರಿಗೆಂಬುದನ್ನು ಮಾತ್ರ ಚೀಟಿಗೆ ಬಿಟ್ಟು, ಏನೂ ಅರಿಯದ ಮಗುವಿನ ಕೈಯಿಂದ ಅದನ್ನು ಎತ್ತಿಸುವ ರೂಢಿಯನ್ನು ಗೃಹಸ್ಥರೆಲ್ಲರೂ ಬಲ್ಲರು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ, ಎಂದರೆ 10ನೆಯ ಶತಮಾನದ, ಶಾಸನಗಳಿವೆ. ಹೆಸರು ಬರೆದ ಓಲೆಗಳನ್ನು ಕೊಡದೊಳಗೆ ಹಾಕಿ, ಬಾಲಕನೊಬ್ಬನಿಂದ ತೆಗೆಸಿ, ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುತ್ತಿದ್ದ ಕ್ರಮವನ್ನು ಅವು ವಿವರಿಸುತ್ತವೆ. ಮಗುವನ್ನೇ ಏಕೆ ಕರೆಯಬೇಕು? ಅದಕ್ಕೆ ಪಕ್ಷವಿಲ್ಲ, ದ್ವೇಷವಿಲ್ಲ. ಚೀಟಿಯ ಗುಣವೆಲ್ಲವೂ ಅದರ ಕುರುಡುತನದಲ್ಲಿಯೇ ಇರುತ್ತದೆ.

ಈ ಕುರುಡುತನವನ್ನೇ ಆಶ್ರಯಿಸಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದ ರಾಜ್ಯಗಳಲ್ಲಿ ದೊಡ್ಡ ಮೃಗಗಳ ಬೇಟೆಯ ಪರವಾನಗಿಗಳನ್ನು ಹಂಚುತ್ತಾರೆ. ಅದು ಹೀಗಾದುದಕ್ಕೆ ಕಾರಣವುಂಟು. 19ನೆಯ ಶತಮಾನದಲ್ಲಿ ಆ ನಾಡಿನ ಬೇಟೆಗೆ ಮಿತಿಯೆಂಬುದೇ ಇರಲಿಲ್ಲ. ಕೋಟಿಗಟ್ಟಲೆಯಾಗಿದ್ದ ಬೈಸನ್ ಎಂಬ ಕಾಡೆಮ್ಮೆಗಳು ಶತಮಾನದ ಅಂತ್ಯದ ವೇಳೆಗೆ ಸಾವಿರಕ್ಕೂ ಕಡಿಮೆಯಾದವು. ನಮ್ಮ ಕಡವೆಗಿಂತ ದೊಡ್ಡದಾದ ಎಲ್ಕ್ ಎಂಬ ಮೃಗವು 20ನೆಯ ಶತಮಾನದ ಆರಂಭದಲ್ಲಿ ಒಂದು ಲಕ್ಷಕ್ಕೂ ಕೆಳಗಿಳಿದಿತ್ತು. ಈ ವಿನಾಶವನ್ನು ಕಂಡು ಎಚ್ಚತ್ತವರಲ್ಲಿ ಬೇಟೆಗಾರರೇ ಮುಂದಾಳುಗಳಾದರೆಂಬುದು ಗಮನಾರ್ಹ. ಮುಂದೆ ರಾಷ್ಟ್ರಾಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟರು 1887ರಲ್ಲಿ ಇದಕ್ಕಾಗಿಯೇ ಬೂನ್ ಮತ್ತು ಕ್ರಾಕೆಟ್ ಸಂಘವನ್ನು ಕಟ್ಟಿದರು. ವನ್ಯಮೃಗವು ಭೂಮಾಲಿಕನ ಸ್ವತ್ತಲ್ಲ, ಸಮಸ್ತ ಪ್ರಜೆಗಳ ಪರವಾಗಿ ರಾಜ್ಯವು ಕಾಯುವ ನ್ಯಾಸ ಎಂಬ ತತ್ತ್ವವು ಅಲ್ಲಿ ಬೇರೂರಿತು. 1937ರ ಒಂದು ಕಾನೂನಿನ ಮೇರೆಗೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯ ಹಣವು ವನ್ಯಜೀವಿಗಳ ಪಾಲನೆಗೆ ಸಲ್ಲುತ್ತ ಬಂದಿದೆ. ಎಲ್ಕ್‌ಗಳು ಇಂದು ಸುಮಾರು 10 ಲಕ್ಷದಷ್ಟಿವೆ. ಎದುರು ಪಕ್ಷವನ್ನು ಕೇಳದೆ ತೀರ್ಪು ಹೇಳುವುದು ಧರ್ಮವಲ್ಲವಾದುದರಿಂದ ಇಷ್ಟನ್ನು ಮೊದಲೇ ಹೇಳಬೇಕಾಯಿತು.

ಪ್ರತಿವರ್ಷವೂ ರಾಜ್ಯದ ವನ್ಯಜೀವಿ ಇಲಾಖೆಯವರು ಮೃಗಗಳ ಸಂಖ್ಯೆಯನ್ನು ಅಂದಾಜು ಮಾಡಿ, ಯಾವ ವಲಯದಲ್ಲಿ ಎಷ್ಟನ್ನು ಕೊಂದರೆ ಸಂತತಿಗೆ ಹಾನಿಯಿಲ್ಲವೆಂದು ಗೊತ್ತುಪಡಿಸುತ್ತಾರೆ. ಅದಕ್ಕೆ ತಕ್ಕಷ್ಟೇ ‘ಟ್ಯಾಗ್’ಗಳು, ಎಂದರೆ ಕೊಂದ ಮೃಗದ ದೇಹಕ್ಕೆ ಕಟ್ಟತಕ್ಕ ಗುರುತಿನ ಚೀಟಿಗಳು. ಅರ್ಜಿದಾರರು ಅವುಗಳಿಗಿಂತ ಎಷ್ಟೋ ಪಾಲು ಹೆಚ್ಚು. ಆದಕಾರಣ ಲಾಟರಿ. ಬಡವನ ಅರ್ಜಿಗೂ ಸಿರಿವಂತನ ಅರ್ಜಿಗೂ ಅಲ್ಲಿ ಒಂದೇ ತೂಕ. ಇಷ್ಟಕ್ಕೆ ನಿಂತಿದ್ದರೆ ಆಕ್ಷೇಪಣೆಗೆ ಹೆಚ್ಚು ಎಡೆಯಿರುತ್ತಿರಲಿಲ್ಲ. ಆದರೆ ಮನುಷ್ಯನು ಕುರುಡು ನ್ಯಾಯವನ್ನು ಬಹುಕಾಲ ಸಹಿಸಲಾರನು. ಸೋತವನಿಗೆ ಸಮಾಧಾನವಾಗಲೆಂದು ಹಲವು ರಾಜ್ಯಗಳು ವರ್ಷಕ್ಕೊಂದು ಅಂಕವನ್ನು ಕೊಡತೊಡಗಿದವು. ಕೊಲರಾಡೋ ರಾಜ್ಯದ ಕ್ರಮದಲ್ಲಿ ಹೆಚ್ಚು ಅಂಕ ಕೂಡಿಟ್ಟವರಿಗೆ ಆದ್ಯತೆಯನ್ನು ಕೊಡುತ್ತ ಬಂದರು. ನೆವಾಡ ರಾಜ್ಯದಲ್ಲಿ ಅಂಕವನ್ನು ಅದರಿಂದಲೇ ಗುಣಿಸಿ, ಬಂದಷ್ಟು ಪಾಲು ಅವಕಾಶವನ್ನು ಹೆಚ್ಚಿಸುತ್ತಾರೆ. ನ್ಯೂ ಮೆಕ್ಸಿಕೋ ರಾಜ್ಯವು ಮಾತ್ರ ಅಂಕಗಳ ಗೊಡವೆಗೆ ಹೋಗದೆ ಶುದ್ಧ ಚೀಟಿಯನ್ನೇ ಉಳಿಸಿಕೊಂಡಿದೆ. ಹೆಸರಾದ ವಲಯಗಳಿಗಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಂಕ ಕೂಡಿಡುವವರಿದ್ದಾರೆ. ಹೀಗೆ ಕಾದವನ ಮನಸ್ಸಿನಲ್ಲಿ ಅದೃಷ್ಟವು ಸಾಲವಾಗಿ ಮಾರ್ಪಡುತ್ತದೆ. ಕಾಡು ತನಗೊಂದು ಪ್ರಾಣವನ್ನು ತೀರಿಸಬೇಕಾಗಿದೆಯೆಂಬ ಭಾವನೆ ಬಲಿಯುತ್ತದೆ. ಇನ್ನು ಕೆಲವು ರಾಜ್ಯಗಳಲ್ಲಿ ಒಂದೆರಡು ಪರವಾನಗಿಗಳನ್ನು ಲಾಟರಿಯಿಂದ ಹೊರಗೆ ತೆಗೆದು ಹರಾಜು ಹಾಕುವುದೂ ಉಂಟು. 2013ರಲ್ಲಿ ಮೊಂಟಾನ ರಾಜ್ಯದ ಕಾಡುಕುರಿಯ ಒಂದು ಪರವಾನಗಿಯು 4,80,000 ಡಾಲರಿಗೆ ಹೋಯಿತು. ಆ ಹಣವು ಕುರಿಗಳ ರಕ್ಷಣೆಗೇ ವಿನಿಯೋಗವಾಗುತ್ತದೆಂದು ಸಮರ್ಥಿಸುತ್ತಾರೆ. ಇರಲಿ, ಯಾವ ಹಣದ ಬಲವನ್ನು ತಡೆಯಲು ಚೀಟಿಯನ್ನು ತಂದರೋ ಅದೇ ಬಲವು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತೆಂಬುದು ಅದರಿಂದ ಸುಳ್ಳಾಗುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿಯು ಬೇಟೆಯ ಪರವಾನಗಿಗಳನ್ನೇ ತೆಗೆದುಹಾಕಿತು. ಇಲ್ಲಿ ‘ಕೊಲ್ಲಬಹುದೇ’ ಎಂಬುದಕ್ಕೆ ಉತ್ತರವು ಮೊದಲೇ ದೊರೆತುದರಿಂದ ‘ಯಾರು’ ಎಂಬುದು ಉಳಿಯಲಿಲ್ಲ. ಅಲ್ಲಿ ‘ಯಾರು’ ಎಂಬುದಕ್ಕೆ ಉತ್ತರ ದೊರೆತಿದೆ. ಆ ಉತ್ತರವು ಮೊದಲನೆಯ ಪ್ರಶ್ನೆಗೂ ಸಲ್ಲುತ್ತದೆಂದು ಅನೇಕರು ತಿಳಿದಿರುವುದೇ ವಿಚಾರಣೀಯವಾದ ಅಂಶ.

2018ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ನಡೆದ ಒಂದು ಪ್ರಸಂಗದಿಂದ ಇದು ವಿಶದವಾಗುತ್ತದೆ. ಯೆಲೋಸ್ಟೋನ್ ಸೀಮೆಯ ಗ್ರಿಜ್ಲಿ ಕರಡಿಗಳು 1975ರಲ್ಲಿ, ಅವುಗಳನ್ನು ಕಾನೂನಿನ ರಕ್ಷಣೆಗೆ ಸೇರಿಸಿದಾಗ, 136ರಷ್ಟಿದ್ದವೆಂದು ಅಂದಾಜು. ಅವು ಬೆಳೆದು ಸುಮಾರು 700 ಆದುವೆಂದು 2017ರಲ್ಲಿ ಕೇಂದ್ರ ಸರ್ಕಾರವು ಆ ರಕ್ಷಣೆಯನ್ನು ತೆಗೆಯಿತು. ಮರುವರ್ಷವೇ ವಯೋಮಿಂಗ್ ರಾಜ್ಯವು 22 ಕರಡಿಗಳವರೆಗೆ ಬೇಟೆಗೆ ಅನುಮತಿ ಕೊಟ್ಟಿತು. ಆ ರಾಜ್ಯದಲ್ಲಿ ನಾಲ್ಕು ದಶಕಗಳಿಗೂ ಮೀರಿದ ಅವಧಿಯಲ್ಲಿ ಅದೇ ಮೊದಲನೆಯದು. ಒಳವಲಯದಲ್ಲಿ ಹತ್ತು ಗಂಡು ಕರಡಿಗಳು ಸತ್ತರಾಗಲಿ, ಒಂದು ಹೆಣ್ಣು ಸತ್ತರಾಗಲಿ ಬೇಟೆ ನಿಲ್ಲತಕ್ಕದ್ದು. ಲಾಟರಿಯಲ್ಲಿ ಬಂದ ಸಂಖ್ಯೆಯ ಸರದಿಯಂತೆ ಒಬ್ಬೊಬ್ಬನಿಗೆ 10 ದಿನಗಳ ಕಾಲಾವಕಾಶ.

ಅರ್ಜಿಗಳು ಸುಮಾರು ಏಳು ಸಾವಿರ ಬಂದವು. ಅವರಲ್ಲಿ ಕೊಲ್ಲಬಯಸಿದವರಷ್ಟೇ ಇರಲಿಲ್ಲ. ಬಂದೂಕಿನಿಂದಲ್ಲ, ಕ್ಯಾಮೆರಾದಿಂದ ಗುರಿಯಿಡೋಣವೆಂದು ಆ ಸೀಮೆಯ ಕೆಲವು ಮಹಿಳೆಯರು ಚಳವಳಿ ಹೂಡಿ, ಬೇಟೆಯನ್ನು ಒಪ್ಪದವರೂ ಅರ್ಜಿ ಹಾಕುವಂತೆ ಪ್ರೇರಿಸಿದ್ದರು. ಚಿಂಪಾಂಜಿಗಳ ಅಧ್ಯಯನದಿಂದ ಲೋಕಪ್ರಸಿದ್ಧರಾದ ಜೇನ್ ಗುಡಾಲರೂ ಅರ್ಜಿ ಹಾಕಿದರು. ಅವರಿಗೆ ಚೀಟಿ ಬರಲಿಲ್ಲ. ಬಂದದ್ದು, ದಶಕಗಳ ಕಾಲ ಆ ಕರಡಿಗಳ ಚಿತ್ರಗಳನ್ನು ತೆಗೆದ ಥಾಮಸ್ ಮ್ಯಾಂಗಲ್ಸನ್ನರಿಗೆ, ಸರದಿಯಲ್ಲಿ 8ನೆಯವರಾಗಿ. ತಮ್ಮ ಹತ್ತು ದಿನಗಳನ್ನು ಚಿತ್ರ ತೆಗೆಯುವುದರಲ್ಲಿಯೇ ಕಳೆಯುವುದಾಗಿ ಅವರು ಸಾರಿದರು. ಅಷ್ಟು ದಿನಗಳ ಮಟ್ಟಿಗಾದರೂ ಆ ಸರದಿಯಿಂದ ಗುಂಡು ಹಾರುವಂತಿರಲಿಲ್ಲ.

ಬೇಟೆಗಾರರು ಇದನ್ನು ವಂಚನೆಯೆಂದರು. ಬೇಟೆಗೆಂದು ಇಟ್ಟ ಅವಕಾಶವನ್ನು ಬೇಟೆಯಾಡದವನು ಪಡೆಯುವುದು ಉಣ್ಣದವನು ಪಂಕ್ತಿಯಲ್ಲಿ ಎಲೆ ಹಿಡಿದು ಕುಳಿತಂತೆ ಎಂಬುದು ಅವರ ವಾದದ ತಿರುಳು. ಆ ವಾದವನ್ನು ನಗೆಯಿಂದ ತಳ್ಳಿಹಾಕಲಾಗದು; ಕೊಡುವವನ ಉದ್ದೇಶವನ್ನು ತಿಳಿದೂ ಬೇರೊಂದು ಉದ್ದೇಶದಿಂದ ಕೈಯೊಡ್ಡುವುದು ಸತ್ಯನಿಷ್ಠನಿಗೆ ಸುಲಭವಾದ ಕಾರ್ಯವಲ್ಲ. ಆದರೆ ಇಲ್ಲಿ ಎರಡು ವಿಷಯಗಳನ್ನು ನೋಡಬೇಕು. ಒಂದನೆಯದಾಗಿ, ಉದ್ದೇಶವನ್ನು ಅವರು ಬಚ್ಚಿಡಲಿಲ್ಲ. ಲೋಕವೆಲ್ಲ ಕೇಳುವಂತೆ ಹೇಳಿದರು. ಎರಡನೆಯದು ಇನ್ನೂ ಮುಖ್ಯವಾದದ್ದು: ಪರವಾನಗಿಯು ಕೊಲ್ಲಲು ಅನುಮತಿಯೇ ಹೊರತು ಕೊಲ್ಲಬೇಕೆಂಬ ವಿಧಿಯಲ್ಲ. ಬೇಟೆಗಾರನೂ ಎಷ್ಟೋ ವೇಳೆ ಗುರಿಯಿಟ್ಟ ಮೃಗವನ್ನು ಬಿಟ್ಟು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಅವನನ್ನು ಯಾರೂ ವಂಚಕನೆನ್ನುವುದಿಲ್ಲ.

ಕೊಲ್ಲುವೆನೆಂಬವನ ಹೆಸರನ್ನೂ ಕಾಯುವೆನೆಂಬವನ ಹೆಸರನ್ನೂ ಆ ಲಾಟರಿಯು ಒಂದೇ ಸಮನಾಗಿ ಎತ್ತಿತು. ಅದಕ್ಕೆ ಅವರಲ್ಲಿ ಭೇದವೇ ತಿಳಿಯಲಿಲ್ಲ. ಹಾಗಿರುವಾಗ ‘ಚೀಟಿ ನನಗೆ ಬಂದಿತು, ಆದುದರಿಂದ ಕೊಂದೆನು’ ಎಂಬ ಮಾತಿನಲ್ಲಿರುವ ‘ಆದುದರಿಂದ’ ಎಂಬುದು ಎಲ್ಲಿಂದ ಬಂದಿತು? ಅದು ಚೀಟಿಯಿಂದ ಬರಲಿಲ್ಲ. ಮ್ಯಾಂಗಲ್ಸನ್ನರಿಗೂ ಚೀಟಿ ಬಂದಿತ್ತು. ಕೆಲವರು ಇಂಥದ್ದನ್ನು ದೈವಸಂಕಲ್ಪವೆಂದು ಹೇಳಿ ಮನಸ್ಸನ್ನು ಹಗುರಮಾಡಿಕೊಳ್ಳುತ್ತಾರೆ. ಶಕುನವನ್ನೂ ಮುಹೂರ್ತವನ್ನೂ ನೆಚ್ಚಿ ತನ್ನ ಕರ್ಮದ ಭಾರವನ್ನು ಬೇರೆಡೆಗೆ ದಾಟಿಸುವ ಈ ಅಭ್ಯಾಸವನ್ನು ಶರಣರು ಒಪ್ಪಿದವರಲ್ಲ. ಯದೃಚ್ಛೆಯಿಂದ ಕೈಗೆ ಬಂದದ್ದೆಲ್ಲವೂ ಪ್ರಸಾದವಾಗದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಕದ್ದು ತಂದುದಲ್ಲ, ಅಂಗಳದಲ್ಲಿ ಬಿದ್ದದ್ದನ್ನೇ ಆಯ್ದದ್ದು. ಆದರೂ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಗೇ ಸುರಿದು ಬನ್ನಿರೆಂದು ಕಳುಹಿದರು. ಎದುರಿಗೆ ಬಿದ್ದಿತ್ತೆಂಬುದು ಆ ತಾಯಿಗೆ ಸಾಕಾದ ಉತ್ತರವಾಗಲಿಲ್ಲ.

ಹೊಲದ ಪಾಲಿನ ಚೀಟಿಗೂ ಈ ಚೀಟಿಗೂ ಇನ್ನೊಂದು ಭೇದವುಂಟು. ಅಲ್ಲಿ ಲಾಭನಷ್ಟಗಳೆರಡೂ ಕೊಡದಲ್ಲಿ ಹೆಸರು ಹಾಕಿದ ಅಣ್ಣತಮ್ಮಂದಿರವೇ. ಅವರೆಲ್ಲರೂ ಮೊದಲೇ ಒಪ್ಪಿದವರು. ಇಲ್ಲಿ ಏಳು ಸಾವಿರ ಮಂದಿಯೂ ಒಪ್ಪಿದ್ದರು. ಸೋತವರಿಗೆ ಹೋದುದು ಅರ್ಜಿಯ ಕೆಲವು ಡಾಲರುಗಳು. ಪ್ರಾಣವನ್ನು ಪಣವಾಗಿ ಇಡಲ್ಪಟ್ಟ ಕರಡಿಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ; ಕೇಳುವ ಉಪಾಯವೂ ಇರಲಿಲ್ಲ. ಮನುಷ್ಯರ ನಡುವಣ ಹಂಚಿಕೆಯು ಎಷ್ಟೇ ನಿರ್ದುಷ್ಟವಾಗಿರಲಿ, ಅದು ಮನುಷ್ಯರ ನಡುವಣದು. ಚೀಟಿಯಿಂದ ಬೇಟೆಗಾರನಿಗೆ ದೊರೆಯುವುದು ಇತರ ಬೇಟೆಗಾರರ ಮುಂದೆ ಹೇಳಿಕೊಳ್ಳಬಹುದಾದ ನ್ಯಾಯ. ಮೃಗದ ಮುಂದೆ ಹೇಳಿಕೊಳ್ಳಲು ಅವನು ಬೇರೆ ಕಾರಣವನ್ನೇ ಹುಡುಕಬೇಕು. ಹಸಿವೆಯೆನ್ನಬಹುದು, ಪೈರಿನ ರಕ್ಷಣೆಯೆನ್ನಬಹುದು, ಸಂಖ್ಯೆ ಮಿತಿಮೀರಿತೆನ್ನಬಹುದು. ಅವು ಸರಿಯೋ ತಪ್ಪೋ, ವಿಚಾರಕ್ಕೆ ನಿಲ್ಲುವ ಕಾರಣಗಳು. ಹೆಸರು ಬಂದಿತೆಂಬುದು ಕಾರಣವೇ ಅಲ್ಲ.

ಆ ವರ್ಷ ಬೇಟೆಯು ನಡೆಯಲಿಲ್ಲ. ಆರಂಭಕ್ಕೆ ಎರಡು ದಿನ ಮುಂಚೆ, ಆಗಸ್ಟ್ 30ರಂದು, ಮೊಂಟಾನದಲ್ಲಿರುವ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶ ಡೇನಾ ಕ್ರಿಸ್ಟೆನ್ಸನ್ನರು ಅದನ್ನು ತಡೆದರು. ಸೆಪ್ಟೆಂಬರ್ 24ರಂದು ಕರಡಿಗಳಿಗೆ ಹಳೆಯ ರಕ್ಷಣೆಯನ್ನು ಮರಳಿ ಕೊಟ್ಟರು. ಬೇಟೆಯ ನೀತಿ ಅನೀತಿಗಳು ತಮ್ಮ ಮುಂದಿರುವ ಪ್ರಶ್ನೆಯಲ್ಲವೆಂದು ಅವರು ತೀರ್ಪಿನಲ್ಲಿಯೇ ಸ್ಪಷ್ಟಪಡಿಸಿದ್ದರು. ಲಾಟರಿಯು ಕೇಳದ ಪ್ರಶ್ನೆಯನ್ನು ನ್ಯಾಯಾಲಯವೂ ಕೇಳಲಿಲ್ಲ. ಮ್ಯಾಂಗಲ್ಸನ್ನರು ಬಹುವರ್ಷ ಚಿತ್ರಿಸಿದ, 399 ಎಂಬ ಸಂಖ್ಯೆಯಿಂದಲೇ ಪ್ರಸಿದ್ಧವಾದ ಹೆಣ್ಣು ಕರಡಿಯು 2020ರ ವಸಂತದಲ್ಲಿ ನಾಲ್ಕು ಮರಿಗಳೊಡನೆ ಗುಹೆಯಿಂದ ಹೊರಬಂದಿತು. 2024ರ ಅಕ್ಟೋಬರಿನಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಹೆದ್ದಾರಿಯಲ್ಲಿ ವಾಹನವೊಂದಕ್ಕೆ ಸಿಲುಕಿ ಸತ್ತಿತು. ಒಂದು ವರ್ಷದ ಮರಿಯೊಂದು ಜೊತೆಯಲ್ಲಿತ್ತು.